ಗಾಳಿ ತೂಗಲು ಹೋದ ಮಾಸ್ತರು

ವಿಜ್ಞಾನದ ಮಾಸ್ತರನಿಗೆ ಪಾಠ ಹೇಳುವುದಕ್ಕಿಂತ ಹೇಳಿಸಿಕೊಳ್ಳುವುದೇ ಹೆಚ್ಚು. ಗದಗ ಜಿಲ್ಲೆಯ ಶಾಲೆಗಳಲ್ಲಿ ಮೂವತ್ತು ವರ್ಷ ಒಂದೇ ಮಾತು ಹೇಳಿಕೊಂಡು ಬಂದೆ: ದ್ರವ್ಯಕ್ಕೆ ತೂಕವಿದೆ, ಅದು ಜಾಗ ಹಿಡಿಯುತ್ತದೆ, ಗಾಳಿಯೂ ದ್ರವ್ಯವೇ. ಕಲ್ಲು, ನೀರಿನ ಬಗ್ಗೆ ಯಾರೂ ತಕರಾರು ತೆಗೆಯಲಿಲ್ಲ. ಗಾಳಿ ಮಾತ್ರ ಊರೂರಿನಲ್ಲಿ ನನ್ನ ಮಾನ ಕಳೆಯಿತು. ಅದರ ತೂಕವನ್ನು ಮಕ್ಕಳ ಕಣ್ಣೆದುರು ತೋರಿಸುವ ಪ್ರಯೋಗ ಒಮ್ಮೆಯೂ ನನ್ನ ಕೈಹಿಡಿಯಲಿಲ್ಲ. ನಿವೃತ್ತಿಗೆ ಮುಂಚೆ ಒಂದು ಸಲವಾದರೂ ತೋರಿಸಿಯೇ ಹೋಗಬೇಕೆಂಬುದು ನನ್ನ ಹಟ.

ಮುಂಡರಗಿಯ ಬಲೂನು

ಕೋಲಿನ ಎರಡು ತುದಿಗೆ ಎರಡು ಬಲೂನು ಕಟ್ಟಿ, ನಡುವೆ ದಾರ ಹಾಕಿ ತೂಗುಬಿಟ್ಟೆ. ಒಂದನ್ನು ಚುಚ್ಚಿದರೆ ಇನ್ನೊಂದು ಕೆಳಗೆ ವಾಲಬೇಕು. ಚುಚ್ಚಿದೆ. ಅದೇ ಹೊತ್ತಿಗೆ ಕಪ್ಪತಗುಡ್ಡದ ಕಡೆಯ ಗಾಳಿ ಕಿಟಕಿಯಿಂದ ನುಗ್ಗಿ ಕೋಲನ್ನೇ ಗರಗರ ತಿರುಗಿಸಿಬಿಟ್ಟಿತು. ಯಾವ ತುದಿ ವಾಲಿತೋ ದೇವರಿಗೇ ಗೊತ್ತು. ಈ ಗಾಳಿ ಎಲ್ಲ ಕೆಡಿಸಿತು ಎಂದು ನಾನು ಗೊಣಗಿದೆ.

ಮುಂದಿನ ಸಾಲಿನ ಹುಡುಗಿ ಎದ್ದು ನಿಂತಳು. "ಸರ, ಗುಡ್ಡದ ಮ್ಯಾಲಿನ ಗಾಳಿ ಫ್ಯಾನಿನ ಒಂದು ರೆಕ್ಕಿ ಲಾರಿ ಮ್ಯಾಲೆ ಹೋಗೂದು ನಾ ನೋಡೀನ್ರಿ. ನಮ್ಮ ಸಾಲಿ ಕಟ್ಟಡಕ್ಕಿಂತ ಉದ್ದ ಇತ್ತು. ತೂಕಾನ ಇಲ್ಲದ್ದು ಅದನ್ನ ಹೆಂಗ ತಿರಗಸ್ತೈತ್ರಿ?"

ವರ್ಷಗಟ್ಟಲೆ ಆ ಫ್ಯಾನುಗಳನ್ನು ನೋಡುತ್ತಾ ಬಸ್ಸಿನಲ್ಲಿ ಓಡಾಡಿದ ನನಗೆ ಇದು ಹೊಳೆದಿರಲಿಲ್ಲ. ಭೇಷ್ ಅಂದೆ. ಇನ್ನೇನಾದರೂ ಕೇಳುವುದಿದೆಯೇ ಎಂದರೆ, ಕೇಳುವುದೇನೂ ಇಲ್ಲ, ಆದರೆ ಒಡೆಯುವುದೇ ಆಗಿದ್ದರೆ ಹಳದಿಯದನ್ನು ಒಡೆಯಬೇಕಿತ್ತು, ಕೆಂಪು ಬಲೂನು ಚೆನ್ನಾಗಿತ್ತು ಎಂದಳು.

ಬಾಳೆಹೊಸೂರಿನ ಲಾಳಿಕೆ

ತೂಕ ಹೋಗಲಿ, ಗಾಳಿ ಜಾಗ ಹಿಡಿಯುವುದನ್ನಾದರೂ ತೋರಿಸೋಣ ಎಂದು ಬಿಸಿಯೂಟದ ಅಡುಗೆಮನೆಯಿಂದ ಲಾಳಿಕೆಯನ್ನೂ ಒಂದು ಉಂಡೆ ಹಿಟ್ಟನ್ನೂ ತಂದೆ. ಲಾಳಿಕೆಯನ್ನು ಬಾಟಲಿಯ ಬಾಯಿಗಿಟ್ಟು ಸುತ್ತ ಸಂದಿಲ್ಲದಂತೆ ಹಿಟ್ಟು ಮೆತ್ತಿ ನೀರು ಸುರಿದೆ. ನೀರು ಮೇಲೆಯೇ ನಿಂತಿತು. ಯಾಕೆ ಎಂದು ಅರ್ಧ ತಾಸು ವಿವರಿಸಿದೆ. ಲಾಳಿಕೆಯಲ್ಲಿ ಕಸ ಸಿಕ್ಕಿದೆ ಎಂದೇ ಇಡೀ ತರಗತಿಯ ತೀರ್ಮಾನ.

ಅಷ್ಟರಲ್ಲಿ ಅಡುಗೆಯಾಕೆ ತನ್ನ ಲಾಳಿಕೆ ಹುಡುಕಿಕೊಂಡು ಬಂದಳು. ಒಮ್ಮೆ ನೋಡಿ, ಲಾಳಿಕೆಯನ್ನು ಒಂದಿಷ್ಟು ಮೇಲೆತ್ತಿದಳು. ಗುಳುಗುಳು ಎಂದು ನೀರು ಇಳಿಯಿತು.

"ಬಸ್ಸಿನಾಗ ಇದ್ದವರು ಇಳೀಲಾರದ ಹೊರಗಿನವರು ಹೆಂಗ ಹತ್ತತಾರ್ರಿ ಸರ? ಒಳಗಿನ ಗಾಳಿಗೆ ದಾರಿ ಬಿಡ್ರಿ."

ದಿನಾ ಡಬ್ಬಿಗೆ ಎಣ್ಣೆ ಸುರಿಯುವ ಕೈ ಅದು. ನಿಜವಾಗಿ ಕೈ ಮುಗಿಯಬೇಕೆನಿಸಿತು, ಮುಗಿದೆ. ಆ ಸಲದ ಪರೀಕ್ಷೆಯಲ್ಲಿ ಒಬ್ಬರೂ ಪುಸ್ತಕದ ವ್ಯಾಖ್ಯೆ ಬರೆಯಲಿಲ್ಲ. ಎಲ್ಲ ಉತ್ತರಪತ್ರಿಕೆಗಳಲ್ಲೂ ಲಕ್ಷ್ಮೇಶ್ವರದ ಬಸ್ಸು ಬಂದಿತ್ತು, ಒಂದರಲ್ಲಿ ಕಂಡಕ್ಟರನೂ ಇದ್ದ. ಎಲ್ಲರಿಗೂ ಪೂರ್ತಿ ಅಂಕ ಕೊಟ್ಟೆ.

ಬೆಟಗೇರಿಯ ತಕ್ಕಡಿ

ಬೆಟಗೇರಿಗೆ ಬಂದಾಗ ಸೇವೆ ಒಂದೇ ತಿಂಗಳು ಉಳಿದಿತ್ತು. ಶಾಲೆಯ ತಕ್ಕಡಿ ತುಕ್ಕು ಹಿಡಿದು, ಇಟ್ಟಿಗೆ ಇಟ್ಟರೂ ಅಲುಗಾಡುತ್ತಿರಲಿಲ್ಲ. ನೇಕಾರರ ಮನೆಯ ಒಬ್ಬ ಹುಡುಗಿ, ತಮ್ಮ ಮನೆಯಲ್ಲಿ ರೇಷ್ಮೆ ತೂಗುವ ತಕ್ಕಡಿ ಇದೆ, ಒಂದೆಳೆ ನೂಲಿಗೂ ವಾಲುತ್ತದೆ ಎಂದಳು. ಸಂಜೆ ಮಕ್ಕಳನ್ನು ಕಟ್ಟಿಕೊಂಡು ಹೋದೆ.

ತಕ್ಕಡಿ ಅವಳ ಅಜ್ಜಿಯದು. ನೂಲು ತರುವಾಗ ತೂಗಿ, ಸೀರೆ ಕೊಡುವಾಗ ತೂಗಿ, ಅಜ್ಜಿ ಅದನ್ನು ದೇವರ ಹಾಗೆ ಇಟ್ಟುಕೊಂಡಿದ್ದರು. ಆ ಮನೆಯಲ್ಲಿ ಖಾಲಿ ತಕ್ಕಡಿ ಆಡಿಸಿದರೆ ಅಪಶಕುನ. ಏನು ತೂಗುತ್ತೀರಿ ಎಂದು ಕೇಳಿದರು. ಗಾಳಿ ಎಂದೆ. ಅಜ್ಜಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ತೂಕ ಬಾರದಿದ್ದರೆ ದೇವರಿಗೆ ತಪ್ಪುಕಾಣಿಕೆ ನಾನೇ ಹಾಕುತ್ತೇನೆ ಎಂದ ಮೇಲೆ ತಕ್ಕಡಿ ಹೊರಗೆ ಬಂತು.

ಶಾಲೆಯಿಂದ ತಂದಿದ್ದ, ಗಾಳಿ ಇಳಿದು ಮೆತ್ತಗಿದ್ದ ಫುಟ್‌ಬಾಲನ್ನು ಒಂದು ತಟ್ಟೆಯಲ್ಲಿಟ್ಟು, ಇನ್ನೊಂದಕ್ಕೆ ತೂಕದ ಕಲ್ಲು, ಜೋಳದ ಕಾಳು ಹಾಕಿ ಸರಿದೂಗಿಸಿದೆ. ಆಮೇಲೆ ಚೆಂಡನ್ನು ತೆಗೆದು ಸೈಕಲ್ ಪಂಪಿನಿಂದ ಗಟ್ಟಿಯಾಗುವವರೆಗೆ ಗಾಳಿ ಹೊಡೆದು ಮತ್ತೆ ಇಟ್ಟೆ. ಚೆಂಡಿನ ತಟ್ಟೆ ಮೆಲ್ಲಗೆ ಕೆಳಗಿಳಿಯಿತು.

ಮೂವತ್ತು ವರ್ಷ ಹೇಳಿದ ಮಾತನ್ನು ಅವತ್ತೇ ನಾನೂ ಮೊದಲ ಸಲ ಕಣ್ಣಾರೆ ಕಂಡದ್ದು. ನನ್ನ ಕಣ್ಣು ತುಂಬಿ ಬಂತು, ನಾಚಿಕೆಯಾಗಲಿಲ್ಲ. ಅಜ್ಜಿ ಒಂದೊಂದೇ ಕಾಳು ಹಾಕಿ ಮತ್ತೆ ಸರಿದೂಗಿಸಿದರು. ಹಾಗಾದರೆ ಈ ಮಗ್ಗದ ಕೋಣೆಯಲ್ಲಿರುವ ಗಾಳಿ ಎಷ್ಟು ತೂಗೀತು ಎಂದು ಕೇಳಿದರು. ಹೆಜ್ಜೆ ಹಾಕಿ ಅಳೆದು, ಲೆಕ್ಕ ಮಾಡಿ, ಸುಮಾರು ಮೂವತ್ತು ಕಿಲೋ, ನಿಮ್ಮ ಮೊಮ್ಮಗಳಷ್ಟು ಎಂದೆ.

ಅಜ್ಜಿ ಮೂಲೆ ಮೂಲೆ ನೋಡಿದರು, ಸೂರು ನೋಡಿದರು, ಸೆರಗು ಸರಿ ಮಾಡಿಕೊಂಡರು. "ಇಷ್ಟು ತೂಕದವರು ಹಗಲೂ ರಾತ್ರಿ ನನ್ನ ಮಗ್ಗದ ಬಾಜೂ ಕುಂತಾರ. ನಾ ಒಂದ ದಿನಾನೂ ಚಾ ಕುಡೀರಿ ಅಂದಿಲ್ಲ ನೋಡ್ರಿ ಮಾಸ್ತರ."