ಸಾರನ್ನು ಏಳೆಂದು ನಂಬಿದ ಮೀಟರು

"ಕಣ್ಣು ಮುಚ್ಚು!" ಎಂದರು ಚನ್ನವೀರಪ್ಪ.

"ಮುಚ್ಚೂದಿಲ್ಲ. ಹೋದ್ ಸಲ ಮುಚ್ಚಿದಾಗ ನನ್ನ ಮಿಕ್ಸರ್ ಹೋತು," ಎಂದಳು ಅವರ ಹೆಂಡತಿ ಕಲ್ಲವ್ವ.

ಚನ್ನವೀರಪ್ಪ ಬೆಟಗೇರಿಯ ಹೈಸ್ಕೂಲೊಂದರ ಪ್ರಯೋಗಾಲಯದಲ್ಲಿ ಸಹಾಯಕರಾಗಿದ್ದು ನಿವೃತ್ತರಾದವರು. ಅಲ್ಲಿ ಬೀರುವಿಗೆ ಬೀಗ ಹಾಕಿ ಕಾಯ್ದ ಉಪಕರಣಗಳ ಮೇಲಿನ ಆಸೆಯನ್ನೆಲ್ಲ ಈಗ ಮನೆಯಲ್ಲಿ ತೀರಿಸಿಕೊಳ್ಳುತ್ತಿದ್ದರು. ಅವರು ಮೇಜಿನ ಮೇಲೆ ಏನನ್ನೋ ಮುಚ್ಚಿದ್ದ ಬಟ್ಟೆಯನ್ನು ಗತ್ತಿನಿಂದ ಸರಿಸಿದರು. ಒಂದು ಹಳೆಯ ರೇಡಿಯೊ ಡಬ್ಬಿ, ಅದರಿಂದ ಹೊರಟ ಎರಡು ಗಾಜಿನ ಕಡ್ಡಿ, ನೆತ್ತಿಯ ಮೇಲೊಂದು ನೇರಳೆ ದೀಪ!

ಕಲ್ಲವ್ವನಿಗೆ ಬೇಕಿದ್ದದ್ದು ಇದಲ್ಲ. ಮೀನಿನ ತೊಟ್ಟಿಯ ನೀರು ಹುಳಿಯೋ ಅಲ್ಲವೋ ಎಂದು ನಂಬುವ ಹಾಗೆ ಹೇಳುವ, ಕೈಗೆಟುಕುವ ಬೆಲೆಯ ಒಂದು ಪಿಎಚ್ ಮೀಟರು, ಅಷ್ಟೇ. ಏಳು ಎಂದು ತೋರಿಸಿದರೆ ನೀರು ಹುಳಿಯೂ ಅಲ್ಲ, ಕ್ಷಾರವೂ ಅಲ್ಲ, ಮೀನಿಗೆ ಹಿತ. ಎರಡು ತಿಂಗಳಲ್ಲಿ ನಾಲ್ಕು ಮೀನು ಸತ್ತಿದ್ದವು. ಉಳಿದದ್ದು ರೇಷ್ಮಿ ಎಂಬ ಗೌರಾಮಿ ಮೀನೊಂದೇ, ಅದೂ ಮೈಯ ಮುತ್ತಿನಂಥ ಚುಕ್ಕೆಗಳೆಲ್ಲ ಮಾಸಿ ಬೆಳಿಗ್ಗೆಯಿಂದ ಮೂಲೆಯಲ್ಲಿ ವಾಲಿಕೊಂಡು ನಿಂತಿತ್ತು. ಅದೂ ಹೋದರೆ ಮಧ್ಯಾಹ್ನ ತಾನು ಯಾರ ಹತ್ತಿರ ಮಾತಾಡುವುದು ಎಂದು ಕಲ್ಲವ್ವನಿಗೆ ಸಂಕಟ. ಗಂಡನೇನೋ ಇದ್ದರು, ಆದರೆ ಅವರು ನಡುವೆ ಬಾಯಿ ಹಾಕುತ್ತಿದ್ದರು.

"ಹುಬ್ಬಳ್ಳಿ ಅಂಗಡ್ಯಾಗ ಮೀಟರ್ ಇರ್ಲಿಲ್ಲೇನ್ರಿ?"

"ಇದ್ವು. ಬಣ್ಣದ ಕಾಗದ ಅಗ್ಗ, ಆದ್ರ ಅದು ಹಸಿರೋ ಹಳದಿಯೋ ಅಂತ ನಾನೂ ಅಂಗಡಿಯವನೂ ಅರ್ಧ ತಾಸು ಜಗಳಾಡಿದ್ವಿ. ಪರದೇಶದ್ದರ ಬೆಲೆ ಕೇಳಿ ನೀರು ಕುಡದೆ. ನಡುವಿಂದು ಒಂದು ಪೆನ್ನಿನಂಥಾದ್ದು. ಛಲೋ ಐತಿ, ಆದ್ರ ತಿಂಗಳಿಗೊಮ್ಮೆ ಯಾವುದೋ ಪುಡಿ ಕರಗಿಸಿದ ನೀರಾಗ ಅದ್ದಿ, ಇದು ಏಳು ಅಂತ ಅದಕ್ಕ ಕಲಿಸಬೇಕಂತ!"

"ಕಲಿಸಿದ್ರಾತು."

"ಪುಡಿ ಯಾಕ? ಎಂದೂ ಬದಲಾಗದ ಹುಳಿ ಮನ್ಯಾಗ ಐತಲ್ಲ! ಮೂವತ್ತೊಂದು ವರ್ಷ ಆತು, ನಿನ್ನ ಸಾರು ಒಂದು ದಿನ ಹೆಚ್ಚು ಹುಳಿ ಆಗಿಲ್ಲ, ಒಂದು ದಿನ ಕಡಿಮಿ ಆಗಿಲ್ಲ. ಅದನ್ನ ಏಳು ಅಂತ ನನ್ನ ಯಂತ್ರಕ್ಕ ಕಲಿಸೇನಿ!"

ಬೈಯಲು ತೆರೆದ ಬಾಯಿಯನ್ನು ಕಲ್ಲವ್ವ ಹಾಗೇ ಮುಚ್ಚಿದಳು. ಅವಳ ಸಾರಿನ ಬಗ್ಗೆ ಈ ಮನುಷ್ಯ ಆಡಿದ ಮೊದಲ ಒಳ್ಳೆಯ ಮಾತು ಅದು. ಆ ಹಿಗ್ಗಿನಲ್ಲಿ, ಸಾರಿನಲ್ಲಿ ಮೀನು ಬದುಕುತ್ತದೆಯೇ ಎಂದು ಕೇಳಲೇ ಇಲ್ಲ.

ಒಂದು ಕಡ್ಡಿ ಸಾರಿನ ಬಟ್ಟಲಿಗೆ, ಇನ್ನೊಂದು ತೊಟ್ಟಿಗೆ ಇಳಿಯಿತು.

"ಬರೇ ಅಳೆಯೂದಲ್ಲ, ತಾನ ಸರಿನೂ ಮಾಡ್ತೈತಿ!" ಎಂದು ಚನ್ನವೀರಪ್ಪ ಗುಂಡಿ ಒತ್ತಿದರು.

ನೇರಳೆ ಬೆಳಕು ತೊಟ್ಟಿಯೊಳಗೆ ಮೆಲ್ಲಗೆ ಹರಡಿತು. ನೀರು ಜೇನುಬಣ್ಣಕ್ಕೆ ತಿರುಗಿತು. ಎಲ್ಲಿಂದಲೋ ಸಾಸಿವೆ ಕಾಳುಗಳು ಒಂದೊಂದಾಗಿ ಎದ್ದು ತೇಲಿದವು, ಕರಿಬೇವಿನ ಎಲೆಯೊಂದು ಸುತ್ತುತ್ತ ಸುತ್ತುತ್ತ ಇಳಿಯಿತು. ನೋಡುತ್ತ ಕಲ್ಲವ್ವನಿಗೆ ಜೋಂಪು ಹತ್ತಿತು. ಎಷ್ಟು ಚೆಂದ!

ಆಗ ರೇಷ್ಮಿ ಸೀನಿತು.

"ಅಯ್ಯೋ ನನ್ನ ಮೀನ!" ಕಲ್ಲವ್ವ ಚಹಾ ಸೋಸುವ ಜಾಳಿಗೆಯಲ್ಲೇ ಅದನ್ನು ಎತ್ತಿ, ಕೊಡದ ತಿಳಿನೀರಿಗೆ ಬಿಟ್ಟಳು.

ಬೆಳಕು ತೊಟ್ಟಿಗೇ ನಿಲ್ಲಲಿಲ್ಲ. ಹೂದಾನಿಯ ನೀರು ಸಾರಾಯಿತು. ನಲ್ಲಿಯಲ್ಲಿ ಸಾರು ತೊಟ್ಟಿಕ್ಕಿತು. ಪಕ್ಕದ ಮನೆಯ ಮಡಿವಾಳಪ್ಪ ಕಿಟಕಿಯಿಂದ ಕೂಗಿದ: "ಕಲ್ಲವ್ವಾರ, ನಮ್ಮ ಚಾ ಸಾರಾಗೇತ್ರಿ! ರುಚಿ ಆಗೇತಿ, ಅನ್ನ ಐತೇನ್ರಿ?"

"ಬಂದ್ ಮಾಡ್ರಿ ಅದನ್ನ!"

"ಬಂದ್ ಮಾಡೋ ಗುಂಡಿ ನಾಳೆ ಹಚ್ಚಾಂವ ಇದ್ದೆ!"

ಬೆಳಕು ಕೊಡದ ಅಂಚಿಗೆ ಬಂತು. ಕಲ್ಲವ್ವನ ತಲೆ ಮಾತ್ರ ನೆಟ್ಟಗಿತ್ತು. ಬಟ್ಟಲಲ್ಲಿ ಇರುವುದೇ ಸರಿ ಎಂದಲ್ಲವೇ ಇದಕ್ಕೆ ಕಲಿಸಿರುವುದು? ಅವಳು ಸಾರನ್ನು ಚೆಲ್ಲಿ, ರೇಷ್ಮಿ ಇದ್ದ ಕೊಡದಿಂದ ಒಂದು ಲೋಟ ನೀರನ್ನು ಬಟ್ಟಲಿಗೆ ಸುರಿದಳು.

"ಇನ್ನ ಮ್ಯಾಲ ಇದು ಏಳು. ಕಲ್ತುಕೋ!"

ಯಂತ್ರ ಬಿಕ್ಕಳಿಸಿತು. ದೀಪ ನೀಲಿಯಾಯಿತು. ಮಡಿವಾಳಪ್ಪನ ಸಾರು ಬರಿ ನೀರಾಯಿತು. ಅಲ್ಲಿಗೂ ಯಂತ್ರಕ್ಕೆ ತೃಪ್ತಿಯಿಲ್ಲ! ಕೋಣೆಯ ಗಾಳಿಯನ್ನೂ ಮೀನಿಗೆ ಹಿತವಾಗುವಂತೆ ಮಾಡಿಬಿಟ್ಟಿತು. ಪರದೆಗಳು ಪಾಚಿಯಂತೆ ಬಳುಕಿದವು. ಚನ್ನವೀರಪ್ಪನ ಶಲ್ಯ ಹೆಗಲಿನಿಂದ ಎದ್ದು ತೇಲಿತು. ಉಸಿರಾಟಕ್ಕೇನೂ ತೊಂದರೆಯಿರಲಿಲ್ಲ, ಆದರೆ ಆಡಿದ ಮಾತುಗಳು ಗುಳ್ಳೆಯಾಗಿ ಜಂತಿಗೆ ತಾಗಿ ಒಡೆಯುತ್ತಿದ್ದವು.

ರೇಷ್ಮಿ ಕೊಡದಿಂದ ಮೇಲೆದ್ದಿತು. ಮೈಯ ಮುತ್ತಿನ ಚುಕ್ಕೆಗಳೆಲ್ಲ ಮರಳಿ ಬಂದಿದ್ದವು. ದೀಪಕ್ಕೆ ಒಂದು ಸುತ್ತು ಹಾಕಿ, ಕಲ್ಲವ್ವನ ಕೆನ್ನೆ ಸವರಿ, ಕಿಟಕಿಯಿಂದ ಬೀದಿಯ ಬಿಸಿಲಿಗೆ ಈಜಿಕೊಂಡು ಹೋಯಿತು. ಬೀದಿಯವರೆಲ್ಲ ಕತ್ತೆತ್ತಿ ನಿಂತರು. ಬದುಕಿತಲ್ಲ ಎಂದು ಕಲ್ಲವ್ವನಿಗೆ ಕಣ್ಣು ತುಂಬಿತು.

"ನೋಡಿದ್ಯಾ!" ಚನ್ನವೀರಪ್ಪ ನೆಲದಿಂದ ಒಂದು ಗೇಣು ಮೇಲೆ ಕುಣಿಯುತ್ತಿದ್ದರು. "ಏಳು! ಸರಿಯಾಗಿ ಏಳು!"

"ಆತು," ಎಂದಳು ಕಲ್ಲವ್ವ. "ಅದು ಊರು ಸುತ್ತಿ ಬರೂದ್ರಾಗ ಆ ತೊಟ್ಟಿ ತೊಳದಿಡ್ರಿ. ದೀಪಾವಳಿಯಿಂದ ನೀವು ನೀರು ಬದಲ್ ಮಾಡಿಲ್ಲ."