ಗುಳಿಗೆ ಬಿದ್ದ ಚೆಂಡಿನ ಸದ್ದು

“ಚೆಂಡು ಗುಳಿಗೆ ಬೀಳೋ ಸದ್ದು ತಾನೇ? ಅದಕ್ಕೆ ಕಂಪ್ಯೂಟರಿನ ಕಾಲು ಯಾಕೆ ಹಿಡೀತೀರಿ? ಜಗತ್ತಿನ ಸದ್ದೆಲ್ಲ ನಮ್ಮ ಮನೇಲೇ ಇದೆ. ನಾಳೆ ಸಂಜೆಯೊಳಗೆ ಕಳಿಸ್ತೀನಿ!”

ಸದ್ದಣ್ಣ ಫೋನಿನಲ್ಲಿ ಹೀಗೆ ಭೀಷ್ಮಪ್ರತಿಜ್ಞೆ ಮಾಡಿದ್ದೇ ತಡ, ಅವನ ಹೆಂಡತಿ ಅಡುಗೆಮನೆಯ ಗಾಜಿನ ಲೋಟಗಳನ್ನೆಲ್ಲ ಎತ್ತಿ ಮೇಲಿನ ಕಪಾಟಿಗೆ ಸೇರಿಸಿದಳು. ಗಂಡ ಶಪಥ ಮಾಡಿದ ದಿನ ಮನೆಯಲ್ಲಿ ಏನಾದರೊಂದು ಒಡೆಯುತ್ತದೆ ಎಂಬುದು ಅವಳ ಸಂಸಾರದ ಅನುಭವ.

ಸದ್ದಣ್ಣ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಕಸುಬು ಅಂಟಿಸಿದ ಹೆಸರು. ಸಿನಿಮಾಗಳಿಗೆ ಸದ್ದು ಮಾಡಿಕೊಡುವುದು ಅವನ ಕೆಲಸ. ತೆರೆಯ ಮೇಲೆ ಖಳನಾಯಕನ ಕೈಮೂಳೆ ಮುರಿದಾಗ ನೀವು ಬೆಚ್ಚಿಬೀಳುತ್ತೀರಲ್ಲ, ಅದು ಸದ್ದಣ್ಣ ಮುರಿದ ಮೂಲಂಗಿ. ಹಕ್ಕಿ ರೆಕ್ಕೆ ಬಡಿದು ಹಾರಿತು ಎಂದು ನೀವು ಕಣ್ಣರಳಿಸಿದಾಗ ಇವನು ಕೈಗವಸು ಕೊಡವುತ್ತಿರುತ್ತಾನೆ. ಹೆಂಡತಿಯ ಕೆಲಸವೋ ಗ್ರಂಥಾಲಯದಲ್ಲಿ. ಬೆಳಗಿನಿಂದ ಓದುಗರಿಗೆ “ಸದ್ದು ಮಾಡಬೇಡಿ” ಎಂದು ಹೇಳಿ ಹೇಳಿ ದಣಿದು ಮನೆಗೆ ಬಂದರೆ, ಇಲ್ಲಿ ಸದ್ದು ಮಾಡಿಯೇ ಹೊಟ್ಟೆ ಹೊರೆಯುವ ಗಂಡ. ದೇವರಿಗೂ ಆಗಾಗ ತಮಾಷೆ ಬೇಕಾಗುತ್ತದೆ.

ಈ ಸಲದ ಸಿನಿಮಾ ಒಬ್ಬ ಮಹಾನ್ ಗಾಲ್ಫ್ ಆಟಗಾರನ ಜೀವನಕಥೆ. ಮಹಾನ್ ಎಂದರೂ ಅವನು ಹವ್ಯಾಸಿ. ವಾರವೆಲ್ಲ ದನಕರುಗಳಿಗೆ ಔಷಧಿ ಕೊಡುವ ಡಾಕ್ಟರು, ರಜೆಯ ದಿನ ಗಾಲ್ಫ್ ಕೋಲು ಹಿಡಿದರೆ ಆಟವನ್ನೇ ಕಸುಬು ಮಾಡಿಕೊಂಡವರಿಗೆಲ್ಲ ಮಣ್ಣು ಮುಕ್ಕಿಸುವವನು. ಗೆದ್ದ ಹಣವನ್ನು ಮಾತ್ರ ಮುಟ್ಟಿದವನಲ್ಲ. ಸಿನಿಮಾದ ಕೊನೆಯಲ್ಲಿ ಅವನು ಹೊಡೆದ ಚೆಂಡು ಹುಲ್ಲಿನ ಮೇಲೆ ಉರುಳುತ್ತ ಬರುತ್ತದೆ, ಗುಳಿಯ ಅಂಚಿನಲ್ಲಿ ಒಂದು ಸುತ್ತು ಹಾಕುತ್ತದೆ, ಬೀಳಲೋ ಬೇಡವೋ ಎಂದು ಯೋಚಿಸುತ್ತದೆ, ಆಮೇಲೆ ಬೀಳುತ್ತದೆ. ಅಲ್ಲಿ ಸಂಗೀತವಿಲ್ಲ, ಮಾತಿಲ್ಲ. ಇಡೀ ಸಿನಿಮಾ ಆ ಒಂದು ಸದ್ದಿನ ಮೇಲೆ ನಿಂತಿದೆ. ಸದ್ದಣ್ಣ ಕಳಿಸಿದ ಮಾದರಿಗಳನ್ನೆಲ್ಲ ನಿರ್ದೇಶಕ ತಿರಸ್ಕರಿಸಿದ್ದ. ನಾಳೆಯೊಳಗೆ ಸರಿಯಾದದ್ದು ಬಾರದಿದ್ದರೆ ಕಂಪ್ಯೂಟರಿನಲ್ಲಿರುವ ಸಿದ್ಧ ಸದ್ದನ್ನು ಹಾಕುವುದಾಗಿಯೂ ಹೇಳಿದ್ದ.

ಸದ್ದಣ್ಣನಿಗೆ ಉರಿದದ್ದು ಅಲ್ಲೇ. ಇಷ್ಟು ವರ್ಷ ಅವನ ಹೆಸರು ಸಿನಿಮಾ ಮುಗಿದ ಮೇಲೆ, ಜನ ಚಪ್ಪಲಿ ಹುಡುಕುವಾಗ, ಊಟ ತಂದುಕೊಟ್ಟವರ ಹೆಸರಿನ ಜೊತೆ ಓಡಿಹೋಗುತ್ತಿತ್ತು. ಈ ಸಲ ಮಾತ್ರ ಮೊದಲಲ್ಲೇ, ಇಡೀ ತೆರೆಗೆ ಒಂದೇ ಹೆಸರಾಗಿ ಬರಬೇಕೆಂದು ಮಾತಾಗಿತ್ತು. ಸದ್ದು ಹೋದರೆ ಹೆಸರೂ ಹೋದಂತೆ. ಆಗಲೇ ನೆಂಟರಿಷ್ಟರಿಗೆಲ್ಲ ಹೇಳಿಕೊಂಡಾಗಿತ್ತು ಬೇರೆ!

ಮರುದಿನ ಮಧ್ಯಾಹ್ನ ಪ್ರಯೋಗ ಶುರುವಾಯಿತು. ಚೆಂಡನ್ನು ಸ್ಟೀಲ್ ಡಬ್ಬಿಗೆ ಬೀಳಿಸಿದರೆ ಹೋಟೆಲಿನಲ್ಲಿ ಪಾತ್ರೆ ತೊಳೆದಂತೆ ಕೇಳಿತು. ಪ್ಲಾಸ್ಟಿಕ್ ಬಕೆಟ್ಟಿಗೆ ಬೀಳಿಸಿದರೆ ಅದು ಬಕೆಟ್ಟೇ ಹೊರತು ಬೇರೇನೂ ಅಲ್ಲ. ಹೂಕುಂಡಕ್ಕೆ ಬೀಳಿಸಿದ್ದು ಚೆನ್ನಾಗಿತ್ತು, ಆದರೆ ಕುಂಡ ಎರಡಾಗಿ ಸೋಫಾದ ತುಂಬ ಮಣ್ಣಾಯಿತು. ಕೆಲವು ದಿನ ಇದ್ದುಹೋಗಲು ಬಂದಿದ್ದ ಅತ್ತೆ, ಅಂದರೆ ಹೆಂಡತಿಯ ತಾಯಿ, ಕುರ್ಚಿಯ ಮೇಲೆ ಕಾಲು ಮಡಚಿ ಕುಳಿತು ಇದನ್ನೆಲ್ಲ ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

“ಅಲ್ಲ ಅಳಿಯಂದ್ರೇ, ಗುಳಿ ಅಂದ್ರೆ ಮಣ್ಣು ತಾನೇ? ಮಣ್ಣಿಗೆ ಬಿದ್ರೆ ಸದ್ದು ಎಲ್ಲಿಂದ ಬರುತ್ತೆ?”

ಗುಳಿಯೊಳಗೆ ಒಂದು ಬಟ್ಟಲು ಹೂತಿಟ್ಟಿರುತ್ತಾರೆ, ಅದರೊಳಗಿನ ಗಾಳಿಯೇ ಸದ್ದಿಗೆ ಜೀವ ಕೊಡುವುದು ಎಂದು ಸದ್ದಣ್ಣ ವಿವರಿಸಿದ. ವಿವರಿಸುತ್ತಿದ್ದಂತೆ ಅವನ ತಲೆಯಲ್ಲೇ ದೀಪ ಹೊತ್ತಿತು. ನೆಲದೊಳಗೆ ತೂತು, ತೂತಿನೊಳಗೆ ಗಾಳಿ! ಬಚ್ಚಲಿನಲ್ಲಿ ನೀರು ಹೋಗುವ ತೂತು ಇರುವುದು ಮತ್ತೇಕೆ?

ಬಚ್ಚಲಿನ ಜಾಲರಿ ಕಿತ್ತು ಪಕ್ಕಕ್ಕಿಟ್ಟ. ಕೊಡೆಯ ಹಿಡಿಯಿಂದ ಚೆಂಡನ್ನು ಮೆಲ್ಲಗೆ ತಳ್ಳಿದ. ಚೆಂಡು ರಾಜಠೀವಿಯಿಂದ ಉರುಳಿಹೋಗಿ ತೂತಿಗೆ ಬಿತ್ತು. ಆಹಾ, ಎಂಥ ಸದ್ದು! ಸದ್ದಣ್ಣನ ಕಣ್ಣಲ್ಲಿ ನೀರೇ ಬಂತು. ಆಮೇಲೆ ನೋಡಿದರೆ ರೆಕಾರ್ಡರ್ ಹಾಕಿರಲೇ ಇಲ್ಲ.

ಹಲ್ಲು ಕಚ್ಚಿ ರೆಕಾರ್ಡರ್ ಹಾಕಿ, ಎರಡನೆಯ ಚೆಂಡು ತಳ್ಳಿದ. ಅದು ಹೋಗಿ ಮೊದಲನೆಯದರ ಬೆನ್ನಿಗೆ ಗುದ್ದಿ ಗಟ್ಟಿಯಾಗಿ ಕೂತುಬಿಟ್ಟಿತು. ತಂತಿಯಿಂದ ಎಳೆದ, ಬಗ್ಗಲಿಲ್ಲ. ನೀರು ಬಿಟ್ಟರೆ ಕೊಚ್ಚಿಕೊಂಡು ಹೋಗಬಹುದೆಂದು ನಲ್ಲಿ ಪೂರ್ತಿ ತಿರುಗಿಸಿದ. ನೀರು ತೂತಿನತ್ತ ಹೋಗಿ ನೋಡಿ, ದಾರಿಯಿಲ್ಲವೆಂದು ತಿಳಿದು, ಹೊಸಿಲು ದಾಟಿ ಹಜಾರಕ್ಕೆ ಬಂತು. ಅವಸರದಲ್ಲಿ ನಲ್ಲಿ ನಿಲ್ಲಿಸಲು ಹೋದರೆ ಅದರ ತಲೆಯೇ ಕೈಗೆ ಬಂತು! ರೆಕಾರ್ಡರ್ ಒದ್ದೆಯಾಗದಿರಲೆಂದು ಅದನ್ನು ಹಜಾರದ ಗೂಡಿನಲ್ಲಿಟ್ಟು, ಕೈಯಿಂದ ನಲ್ಲಿಯ ಬಾಯಿ ಒತ್ತಿ ಹಿಡಿದು ಕೊಳಾಯಿ ರಿಪೇರಿಯವನನ್ನು ಕರೆಯಿರಿ ಎಂದು ಕೂಗಿಕೊಂಡ.

ಹೆಂಡತಿ ಗ್ರಂಥಾಲಯದಿಂದ ಬರುವ ಹೊತ್ತಿಗೆ ಅವಳ ಗಂಡ ಹಜಾರದಲ್ಲಿ ಪಂಚೆ ಎತ್ತಿ ಕಟ್ಟಿ ನೀರು ಬಳಿಯುತ್ತಿದ್ದ. ಕೊಳಾಯಿಯವನು ಬಚ್ಚಲಿನಲ್ಲಿ ಅಂಗಾತ ಮಲಗಿ ನಲ್ಲಿಗೆ ಬಿರಡೆ ಜಡಿಯುತ್ತಿದ್ದ. ಕೆಳಗಿನ ಮನೆಯ ವಕೀಲರು ತಮ್ಮ ಹಾಸಿಗೆಯ ಮೇಲೆ ಹನಿಯುತ್ತಿದೆ ಎಂದು ಬಾಗಿಲಲ್ಲಿ ನಿಂತು ಕಾನೂನು ಮಾತನಾಡುತ್ತಿದ್ದರು.

“ಏನ್ರೀ ಇದು?”

“ಗಾಲ್ಫ್,” ಎಂದ ಸದ್ದಣ್ಣ ತಗ್ಗಿದ ದನಿಯಲ್ಲಿ.

ಅವಳು ಚೀಲವನ್ನೂ ಇಳಿಸದೆ ಅಡುಗೆಮನೆಗೆ ಹೋಗಿ ಕಪಾಟಿನ ಗಾಜಿನ ಲೋಟಗಳನ್ನು ಎಣಿಸಿ ನೋಡಿದಳು.

ಸಂಜೆಯಾಗುತ್ತ ಬಂತು. ಒದ್ದೆ ಬಟ್ಟೆಯಲ್ಲೇ ಕುಳಿತು, ಸಿಕ್ಕಿದ್ದನ್ನಾದರೂ ಕಳಿಸೋಣವೆಂದು ಸದ್ದಣ್ಣ ರೆಕಾರ್ಡರಿಗೆ ಕಿವಿಗೊಟ್ಟ. ಅದು ಪಾಪ, ಗೂಡಿನಲ್ಲಿ ಕುಳಿತು ಅಷ್ಟೂ ಹೊತ್ತು ಎಲ್ಲವನ್ನೂ ಕೇಳಿಸಿಕೊಂಡಿತ್ತು. ನೀರಿನ ಬೋರ್ಗರೆತ, ಕೊಳಾಯಿಯವನ ನರಳಾಟ, ವಕೀಲರ ಭಾಷಣ. ಆಮೇಲೆ ಸ್ವಲ್ಪ ನಿಶ್ಶಬ್ದ. ಆ ನಿಶ್ಶಬ್ದದ ನಡುವೆ ಒಂದು ಸದ್ದು.

ಮೊದಲು ಅಂಚಿಗೆ ಹಗುರವಾಗಿ ತಾಗಿದ ಸದ್ದು. ಮತ್ತೆ ಅರೆಸುತ್ತು ಜಾರಿದ್ದು. ಒಂದು ಗಳಿಗೆಯ ಅನುಮಾನ. ಕೊನೆಗೆ ಟೊಳಕ್ ಎಂದು ಒಳಗೆ ಬಿದ್ದದ್ದು, ಅದರ ಹಿಂದೆಯೇ ನಿಟ್ಟುಸಿರಿನಂಥ ಏನೋ ಒಂದು. ಸದ್ದಣ್ಣನ ರೋಮಗಳೆಲ್ಲ ನಿಂತವು. ಇದೇ ಅದು! ಏನು ಎಂದು ಮಾತ್ರ ಗೊತ್ತಿಲ್ಲ.

ಕಳಿಸಿದ. ಸ್ವಲ್ಪ ಹೊತ್ತಿಗೆ ನಿರ್ದೇಶಕನ ಫೋನ್ ಬಂತು. ಇಂಥದ್ದನ್ನು ಹೇಗೆ ಮಾಡಿದಿರಿ ಎಂದು ಕೇಳಿದ.

“ಅದೆಲ್ಲ ಅನುಭವ,” ಎಂದು ಸದ್ದಣ್ಣ ಗಂಭೀರವಾಗಿ ಹೇಳಿ ಫೋನ್ ಇಟ್ಟ.

ಹೆಸರು ಉಳಿಯಿತು, ನಿದ್ದೆ ಹೋಯಿತು. ಆ ಸದ್ದು ಎಲ್ಲಿಂದ ಬಂತು ಎಂಬ ಕುತೂಹಲ ಅವನ ತಲೆಗೆ ಹೊಕ್ಕ ಹುಳವಾಯಿತು. ಗೂಡಿನ ಮುಂದೆ ನಿಂತು ಬೀಗದ ಕೈ ಬೀಳಿಸಿದ, ಗುಂಡಿ ಬೀಳಿಸಿದ, ಬಾಚಣಿಗೆ, ಬೆಂಡೆಕಾಯಿ, ಹೆಂಡತಿಯ ಕನ್ನಡಕ ಬೀಳಿಸಿದ. ಕನ್ನಡಕದ ವಿಷಯಕ್ಕೆ ಮನೆಯಲ್ಲಿ ಬೇರೆಯೇ ಅಧ್ಯಾಯ ನಡೆಯಿತು. ಯಾವುದೂ ಅದಲ್ಲ.

ಒಂದು ಮಧ್ಯಾಹ್ನ ಊಟವಾದ ಮೇಲೆ ಅತ್ತೆ ಲೋಟದಲ್ಲಿ ನೀರು ಹಿಡಿದು ಹಜಾರಕ್ಕೆ ಬಂದರು. ಬಚ್ಚಲು ರಿಪೇರಿಯಲ್ಲಿದ್ದಾಗಿನಿಂದ ಅದೇ ಗೂಡು ಅವರಿಗೆ ಅನುಕೂಲವಾಗಿಬಿಟ್ಟಿತ್ತು. ಲೋಟ ಇಟ್ಟರು, ಗೋಡೆಯ ಕಡೆ ತಿರುಗಿ ಕಟ್ಟಿಸಿಕೊಂಡ ಹಲ್ಲಿನ ಸೆಟ್ಟನ್ನು ಬಾಯಿಂದ ತೆಗೆದರು, ಲೋಟದೊಳಗೆ ಬಿಟ್ಟರು. ಅಂಚಿಗೆ ತಾಗಿತು, ಅರೆಸುತ್ತು ಜಾರಿತು, ಯೋಚಿಸಿತು, ಟೊಳಕ್ ಎಂದು ಬಿತ್ತು. ಅದರ ಹಿಂದೆ ಬಂದ ನಿಟ್ಟುಸಿರು ಅತ್ತೆಯದೇ.

ಸದ್ದಣ್ಣ ಇಂಗು ತಿಂದ ಮಂಗನಂತೆ ನಿಂತ. ಹೇಳಿದರೆ ಮಾನ ಹೋಗುತ್ತದೆ. ಅತ್ತೆಗೂ ಹೇಳಲಿಲ್ಲ, ಹೆಂಡತಿಗೂ ಹೇಳಲಿಲ್ಲ, ನಿರ್ದೇಶಕನಿಗಂತೂ ಇಲ್ಲವೇ ಇಲ್ಲ. ಬಾಯಿಗೆ ಬೀಗ ಜಡಿದುಕೊಂಡ.

ಬಿಡುಗಡೆಗೆ ಮುಂಚೆ ಕೆಲಸ ಮಾಡಿದವರಿಗೂ ಅವರ ಮನೆಯವರಿಗೂ ಸಿನಿಮಾ ತೋರಿಸಿದರು. ಸದ್ದಣ್ಣ ಹೊಸ ಅಂಗಿ ತೊಟ್ಟು ಅತ್ತೆ ಮತ್ತು ಹೆಂಡತಿಯ ನಡುವೆ ಕುಳಿತ. ಮುಂದಿನ ಸಾಲಿನಲ್ಲೇ ನಿರ್ದೇಶಕ. ಸದ್ದಣ್ಣನ ಹೆಸರು ತೆರೆ ತುಂಬ ಬಂದಾಗ ಅತ್ತೆ ಹೆಮ್ಮೆಯಿಂದ ಅಳಿಯನ ಮೊಣಕೈ ತಿವಿದರು. ತೆರೆಯ ಮೇಲೆ ದನದ ಡಾಕ್ಟರು ಹುಲ್ಲಿನಲ್ಲಿ ಚೆಂಡು ಕೂದಲೆಳೆಯಷ್ಟು ಅಲುಗಿದ್ದನ್ನು, ಯಾರೂ ನೋಡದಿದ್ದರೂ, ತಾನಾಗಿಯೇ ಹೇಳಿ ಒಂದು ಹೊಡೆತದ ದಂಡ ಹಾಕಿಸಿಕೊಂಡ. ಜನ ಚಪ್ಪಾಳೆ ತಟ್ಟಿದರು. ಸದ್ದಣ್ಣನಿಗೆ ಯಾಕೋ ಕುರ್ಚಿ ಒತ್ತತೊಡಗಿತು.

ಕೊನೆಯ ಹೊಡೆತ ಬಂತು. ಚೆಂಡು ಉರುಳಿತು. ಇಡೀ ಚಿತ್ರಮಂದಿರ ಉಸಿರು ಬಿಗಿಹಿಡಿಯಿತು. ಅಂಚು, ಅರೆಸುತ್ತು, ಅನುಮಾನ, ಟೊಳಕ್.

ಸೂಜಿ ಬಿದ್ದರೂ ಕೇಳುವಂಥ ಆ ಮೌನದಲ್ಲಿ ಅತ್ತೆಯ ಧ್ವನಿ ಸ್ಪಷ್ಟವಾಗಿ ಮೊಳಗಿತು.

“ಅಯ್ಯೋ, ಅದು ನನ್ನ ಹಲ್ಲು!”

“ಶ್…” ಎಂದಳು ಹೆಂಡತಿ, ಅಭ್ಯಾಸಬಲದಿಂದ.

ನಿರ್ದೇಶಕ ತಿರುಗಿ ನೋಡಿದ. ಏನೆಂದಿರಿ ಎಂದು ಕೇಳಿದ.

“ನನ್ನ ಹಲ್ಲು ಲೋಟಕ್ಕೆ ಬೀಳೋ ಸದ್ದು ನನಗೆ ಗೊತ್ತಾಗಲ್ವೇನಪ್ಪಾ? ದಿನಾ ಕೇಳ್ತೀನಿ.”

ನಿರ್ದೇಶಕನ ದೃಷ್ಟಿ ಮೆಲ್ಲಗೆ ಸದ್ದಣ್ಣನ ಮೇಲೆ ಬಂದು ನಿಂತಿತು. ಸದ್ದಣ್ಣ ಕುರ್ಚಿಯಲ್ಲಿ ಎಷ್ಟು ಕುಗ್ಗಬಹುದೋ ಅಷ್ಟು ಕುಗ್ಗಿದ. ದೀಪ ಹತ್ತಿದ ಮೇಲೆ, ಬಚ್ಚಲಿನಿಂದ ಹಿಡಿದು ಎಲ್ಲವನ್ನೂ ಒಪ್ಪಿಕೊಂಡ. ನಿರ್ದೇಶಕ ಬೈಯಲಿಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಅತ್ತೆಯ ಪಕ್ಕ ಕುಳಿತು ಅವರ ಪೂರ್ತಿ ಹೆಸರು ಕೇಳಿ ಬರೆದುಕೊಂಡ.

ಬಿಡುಗಡೆಯ ದಿನ ನೆಂಟರೆಲ್ಲ ಸಾಲಾಗಿ ಕುಳಿತಿದ್ದರು. ಮಾತಿನಂತೆ ಇಡೀ ತೆರೆಗೆ ಒಂದೇ ಹೆಸರು ಬಂತು. ಅದು ಅತ್ತೆಯ ಹೆಸರು, ಅವರ ತಂದೆಯ ಹೆಸರಿನ ಮೊದಲಕ್ಷರ ಸಮೇತ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಹೀಗಿತ್ತು: ‘ಸಹಾಯ: ಅವರ ಅಳಿಯ.’