ಐದು ಮಕ್ಕಳ ಪಾಲು

ಶುಕ್ರವಾರ ಸಂಜೆ ತಮ್ಮೂರು ಇಂಡಿಯ ಡಾಕ್ಟರು ಬರೆದುಕೊಟ್ಟ ಚೀಟಿಯನ್ನು ಹೆಡ್ ಮಾಸ್ತರ ಗುರುಲಿಂಗಪ್ಪನವರು ಅಂಗಿಯ ಕಿಸೆಯಲ್ಲಿಟ್ಟು ಮರೆತುಬಿಟ್ಟಿದ್ದರು. ಶನಿವಾರ ಬೆಳಿಗ್ಗೆ ಅಂಗಿ ನೆನೆಹಾಕುವ ಮುನ್ನ ಹೆಂಡತಿ ಕಸ್ತೂರೆವ್ವ ಕಿಸೆಗೆ ಕೈಹಾಕಿದಳು. ಮೈಯಲ್ಲಿ ಪ್ರೋಟೀನ್ ಕಡಿಮೆ ಇದೆ, ದಿನಾಲೂ ಕಾಳು, ಹಾಲು, ಮೊಟ್ಟೆ ತಿನ್ನಬೇಕು ಎಂದು ಚೀಟಿಯಲ್ಲಿತ್ತು. ಮೊಟ್ಟೆ ಎಂಬ ಶಬ್ದ ಓದಿದ್ದೇ ತಡ, ಅವಳ ಕೈಯಲ್ಲಿದ್ದ ಬಕೀಟಿನ ಅರ್ಧ ನೀರು ಅಂಗಳದ ಪಾಲಾಯಿತು.

"ಮೂರು ತಲಿಯಿಂದ ಈ ಮನಿಮ್ಯಾಗ ಅದರ ನೆಳ್ಳ ಬಿದ್ದಿಲ್ಲ. ಅದೂ ಇವತ್ತ ಬೀಗರು ಬರೋ ದಿನ ಈ ಚೀಟಿ ಇಟಗೊಂಡು ತಿರಗ್ತೀರಲ್ಲ, ಏನಂತಾರ ನಿಮಗ?"

ಬೀಗರೆಂದರೆ ಇನ್ನೂ ಆಗದ ಬೀಗರು. ಮಗಳು ಸುವರ್ಣಾಳನ್ನು ಮುದ್ದೇಬಿಹಾಳದ ಹುಡುಗ ಸಿದ್ದಲಿಂಗ ನೋಡಿ ಒಪ್ಪಿದ್ದ, ಸುವರ್ಣಾಳೂ ಒಪ್ಪಿದ್ದಳು. ಉಳಿದದ್ದು ಹುಡುಗನ ತಂದೆ ರೇವಪ್ಪನವರ ಒಂದು ಮಾತು. ಆ ಮಾತು ಸುಲಭಕ್ಕೆ ಹೊರಬೀಳುವಂಥದ್ದಲ್ಲ. ಆಲಮಟ್ಟಿಯ ಕಾಲುವೆ ಕಚೇರಿಯಲ್ಲಿ ದುಡಿದು ನಿವೃತ್ತರಾದ ರೇವಪ್ಪನವರು ನೇಮಕ್ಕೆ ಹೆಸರಾದವರು. ಪರವೂರಿಗೆ ಹೊರಟರೆ ಕುಡಿಯುವ ನೀರನ್ನೂ ಮನೆಯಿಂದಲೇ ಒಯ್ಯುತ್ತಿದ್ದರು. ಸಿಂದಗಿಯಲ್ಲಿ ಒಂದು ಹೆಣ್ಣು ನೋಡಲು ಹೋದಾಗ ಪಕ್ಕದ ಮನೆಯಿಂದ ಆಮ್ಲೆಟ್ಟಿನ ವಾಸನೆ ಬಂತೆಂದು ತಾಟು ಮುಟ್ಟದೆ ಎದ್ದುಬಂದಿದ್ದರಂತೆ. ಆ ಹೆಣ್ಣಿನ ಮದುವೆ ಇನ್ನೂ ಆಗಿಲ್ಲ ಎಂಬುದನ್ನು ಕಸ್ತೂರೆವ್ವ ಗಂಡನಿಗೆ ವಾರದಿಂದ ದಿನಕ್ಕೆರಡು ಬಾರಿ ನೆನಪಿಸುತ್ತಿದ್ದಳು.

ಚೀಟಿಯ ವಿಷಯವನ್ನು ಅವಳು ಪಕ್ಕದ ಮನೆಯ ಶೆಟ್ಟೆವ್ವನೊಬ್ಬಳಿಗೇ, ಯಾರಿಗೂ ಹೇಳಬಾರದೆಂದು ಆಣೆ ಹಾಕಿಸಿ ಹೇಳಿದಳು. ಗುರುಲಿಂಗಪ್ಪನವರು ಸ್ನಾನ ಮುಗಿಸುವಷ್ಟರಲ್ಲಿ ಓಣಿಗೆ ಓಣಿಯೇ ಅವರ ಮೈಯ ಪ್ರೋಟೀನಿನ ಚಿಂತೆಯಲ್ಲಿ ಮುಳುಗಿತ್ತು.

ಮೊದಲು ಬಂದವಳು ಶೆಟ್ಟೆವ್ವನೇ. ಒಂದು ಬಟ್ಟಲ ತುಂಬ ಮೊಳಕೆ ಬಂದ ಮಡಿಕೆ ಕಾಳು ತಂದು, ಕಡೆಯ ಕಾಳು ಗಂಟಲಿಗೆ ಇಳಿಯುವತನಕ ಸೊಂಟದ ಮೇಲೆ ಕೈಯಿಟ್ಟು ಎದುರಿಗೇ ನಿಂತಳು. ಸಾಲದೆಂದು ಮತ್ತಷ್ಟನ್ನು ತನ್ನ ಸ್ಟೀಲಿನ ಡಬ್ಬಿಗೆ ತುಂಬಿ, ಸಾಲೆಯಲ್ಲಿ ತಿನ್ನಿರೆಂದು ಕೈಗೆ ಕೊಟ್ಟಳು. ಡಬ್ಬಿ ಮಾತ್ರ ತವರಿನದು, ಇವತ್ತೇ ತಿರುಗಿ ಬರಬೇಕು. ಹಿಂದಿನ ಮನೆಯಿಂದ ಪುಟಾಣಿ ಕಡಲೆ ಬಂತು. ಮೂಲೆಯ ಮನೆಯಿಂದ ಶೇಂಗಾ ಉಂಡಿ ಬಂತು. ಮನೆಬಾಗಿಲಿಗೆ ಬಂದ ಅನ್ನವನ್ನು ಬೇಡವೆನ್ನುವ ನಾಲಿಗೆ ಗುರುಲಿಂಗಪ್ಪನವರಿಗೆ ಇರಲಿಲ್ಲ; ತಾಟಿನಲ್ಲಿ ಒಂದು ಅಗಳು ಬಿಟ್ಟರೂ ಅವರ ತಾಯಿ ಆ ದಿನವೆಲ್ಲ ಮಾತಾಡಿಸುತ್ತಿರಲಿಲ್ಲ. ಹೀಗಾಗಿ ಎಲ್ಲವನ್ನೂ ತಿಂದರು.

ಸೈಕಲ್ ಮೋಟರ್ ಹತ್ತುವಾಗ ಎದುರು ಮನೆಯ ಕಟ್ಟೆಯ ಮೇಲೆ ಕುಳಿತಿದ್ದ ಅಪ್ಪಾಸಾಬ ಕೈಮಾಡಿ ಕರೆದ.

"ಕಾಳು ತಿಂದು ತಿಂದು ಹೊಟ್ಟಿ ಕೆಡಿಸಿಗೋಬ್ಯಾಡ್ರಿ ಸರ. ಕಣ್ಣ ಮುಚ್ಚಿ ದಿನಾ ಒಂದ ತತ್ತಿ ನುಂಗ್ರಿ. ಯಾರಿಗೆ ಗೊತ್ತಾಕ್ಕೈತಿ?"

ಯಾರಿಗೂ ಗೊತ್ತಾಗದ ಈ ಉಪಾಯವನ್ನು ಅವನು ಓಣಿಯ ಕೊನೆಯ ಮನೆಯವರಿಗೂ ಕೇಳುವಂತೆ ಹೇಳಿದ. ಗುರುಲಿಂಗಪ್ಪನವರು ನಕ್ಕು, ಗಾಡಿ ಚಾಲು ಮಾಡಿದರು.

ಅವರ ಸಾಲೆ ಇದ್ದದ್ದು ಝಳಕಿಯ ಕಡೆಗಿನ ಒಂದು ಸಣ್ಣ ಹಳ್ಳಿಯಲ್ಲಿ. ಅಲ್ಲಿಗೂ ಸುದ್ದಿ ಅವರಿಗಿಂತ ಮೊದಲೇ ಹೋಗಿತ್ತು. ಆಟದ ಮಾಸ್ತರ ಪರಶು ಹಾಲಿನಲ್ಲಿ ಸೋಯಾ ಹಿಟ್ಟು ಕಲಸಿ ಒಂದು ಚರಿಗೆ ತುಂಬಿ ತಂದಿಟ್ಟಿದ್ದ. ಅದನ್ನೂ ಕುಡಿದರು. ಪ್ರಾರ್ಥನೆಯ ಹೊತ್ತಿಗೆ ಅವರ ಹೊಟ್ಟೆ ಭಜನೆಗೆ ಮೊದಲು ಶ್ರುತಿ ಮಾಡಿಟ್ಟ ತಬಲಾದಂತಾಗಿತ್ತು.

ಶನಿವಾರ ಬೆಳಗಿನ ಸಾಲೆ. ಮೊಟ್ಟೆ ತಿನ್ನುವ ಮಕ್ಕಳಿಗೆ ಮೊಟ್ಟೆ, ಒಲ್ಲದವರಿಗೆ ಬಾಳೆಹಣ್ಣು. ಅಡುಗೆಯ ಪೀರಬಿ ಹಾಜರಿಯ ಪ್ರಕಾರ ಮೊಟ್ಟೆ ಕುದಿಯಲು ಇಟ್ಟಿದ್ದಳು. ಅಷ್ಟರಲ್ಲಿ ಒಂದು ಟೆಂಪೋ ಬಂದು ನಿಂತು, ಇಂಡಿಯ ದಾರಿಯ ಮೇಲಿನ ತೋಟದ ವಸ್ತಿಯ ಐದು ಮಕ್ಕಳನ್ನು ಮದುವೆಗೆಂದು ಹತ್ತಿಸಿಕೊಂಡು ಹೋಯಿತು. ಊಟ ಮುಗಿದಾಗ ಬೆಂದ ಐದು ಮೊಟ್ಟೆ ಉಳಿದವು.

ಪೀರಬಿ ಅವುಗಳನ್ನು ತಂದು ಮೇಜಿನ ಮೇಲಿಟ್ಟಳು. ತಾನು ಒಯ್ದರೆ ಮಕ್ಕಳದ್ದನ್ನು ಕದ್ದಳೆಂದು ಮಂದಿ ಆಡುತ್ತಾರೆ, ನೀವೇ ಏನಾದರೂ ಮಾಡಿರಿ ಎಂದು ಕೈತೊಳೆದುಕೊಂಡಳು. ಚೆಲ್ಲುವ ಮಾತು ಗುರುಲಿಂಗಪ್ಪನವರ ಮನಸ್ಸಿಗೆ ಸುಳಿಯಲೇ ಇಲ್ಲ. ತಾವು ತಿನ್ನದಿದ್ದರೇನು, ಅದು ಮಕ್ಕಳ ಅನ್ನ. ಹೇಗೂ ವಸ್ತಿ ದಾರಿಯ ಮೇಲೇ ಇದೆ, ಮನೆಯಲ್ಲಿ ಯಾರ ಕೈಗಾದರೂ ಕೊಟ್ಟು ಹೋದರಾಯಿತು ಎಂದುಕೊಂಡರು. ಶೆಟ್ಟೆವ್ವನ ಡಬ್ಬಿಯಲ್ಲಿದ್ದ ಕಾಳನ್ನು ಕಷ್ಟಪಟ್ಟು ತಿಂದು ಮುಗಿಸಿ, ಡಬ್ಬಿ ತೊಳೆದು ಅದರಲ್ಲಿ ಐದನ್ನೂ ಇಟ್ಟುಕೊಂಡರು.

ವಸ್ತಿಯ ಮನೆಗಳಿಗೆಲ್ಲ ಬೀಗ. ಮದುವೆಗೆ ಮಕ್ಕಳಷ್ಟೇ ಅಲ್ಲ, ಮುದುಕರೂ ಹೋಗಿದ್ದರು. ಕಟ್ಟಿಹಾಕಿದ್ದ ಒಂದು ಎಮ್ಮೆ ಮಾತ್ರ ಹೆಡ್ ಮಾಸ್ತರರನ್ನು ಕರುಣೆಯಿಂದ ನೋಡಿತು. ಸಂಜೆ ಮತ್ತೆ ಬಂದು ಕೊಟ್ಟರಾಯಿತೆಂದು ಅವರು ಇಂಡಿಯ ದಾರಿ ಹಿಡಿದರು.

ಓಣಿಯೊಳಗೆ ತಿರುಗಿದರೆ ಮನೆಯ ಮುಂದೆ ಕಾರು ನಿಂತಿದೆ. ಒಂದು ಗಂಟೆಗೆ ಬರುವ ಬೀಗರು ಹನ್ನೆರಡಕ್ಕೇ ಬಂದಿದ್ದರು. ಗುರುಲಿಂಗಪ್ಪನವರು ಹಿತ್ತಿಲ ಬಾಗಿಲಿನಿಂದ ಒಳಗೆ ನುಸುಳಿದರು. ಅಡುಗೆಮನೆಯಲ್ಲಿ ಕಸ್ತೂರೆವ್ವ, ಪಡಸಾಲೆಯಲ್ಲಿ ಬೀಗರು, ಕೋಣೆಯಲ್ಲಿ ಸೀರೆ ಉಡುತ್ತಿದ್ದ ಮಗಳು. ಉಳಿದದ್ದು ದೇವರ ಕೋಣೆ. ಬೆಳಗಿನ ಪೂಜೆ ಆಗಿದೆ, ಇನ್ನು ಸಂಜೆಯತನಕ ಅಲ್ಲಿಗೆ ಯಾರು ಬರುತ್ತಾರೆ? ಗಲ್ಲ ಗಲ್ಲ ಬಡಿದುಕೊಂಡು, ಬಾಗಿಲ ಹಿಂದಿನ ಗೂಡಿನಲ್ಲಿ ಡಬ್ಬಿಯಿಟ್ಟು ಹೊರಬಂದರು.

ಪಡಸಾಲೆಯಲ್ಲಿ ರೇವಪ್ಪನವರು ಹಣೆತುಂಬ ವಿಭೂತಿ ಹಚ್ಚಿಕೊಂಡು ಕಂಬದಂತೆ ಕುಳಿತಿದ್ದರು. ಅವರ ಹೆಂಡತಿ ತಮ್ಮ ಮನೆಯಲ್ಲಿ ಉಳ್ಳಾಗಡ್ಡಿ, ಬೆಳ್ಳುಳ್ಳಿಯೂ ನಡೆಯುವುದಿಲ್ಲ ಎಂದು ಕಸ್ತೂರೆವ್ವನಿಗೆ ವಿವರಿಸುತ್ತಿದ್ದರು. ಅದೇ ಹೊತ್ತಿಗೆ ಶೆಟ್ಟೆವ್ವ ಒಳಬಂದಳು.

"ಕಾಳು ತಿಂದ್ರಿಲ್ಲೋ ಸರ? ನಮ್ಮ ಸರಗ ಪ್ರೋಟೀನ್ ಕಮ್ಮಿ ಐತ್ರಿ ಬೀಗರ, ಡಾಕ್ಟರ ಚೀಟಿ ಕೊಟ್ಟಾನ. ಡಬ್ಬಿ ಎಲ್ಲೈತಿ ಕೊಡ್ರಿ, ಸಂಜಿಗೆ ಮತ್ತ ತುಂಬಿ ತರ್ತೇನಿ."

ಡಬ್ಬಿ ಸಾಲೆಯಲ್ಲೇ ಉಳಿಯಿತೆಂದು ಗುರುಲಿಂಗಪ್ಪನವರು ಸುಳ್ಳು ಹೇಳಿದರು. ರೇವಪ್ಪನವರು ಅವರನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ ಎದ್ದರು.

"ಲಿಂಗಪೂಜಿ ಆಗದ ನಾ ಉಣ್ಣೂದಿಲ್ರಿ. ದೇವರ ಕೋಣಿ ಎಲ್ಲಿ?"

ಕಸ್ತೂರೆವ್ವ ಹಿಗ್ಗಿ ಮುಂದಾಗಿ ಬಾಗಿಲು ತೆರೆದಳು. ಗುರುಲಿಂಗಪ್ಪನವರು ಏನೋ ಹೇಳಲು ಬಾಯಿ ತೆರೆದರೆ, ಬೆಳಗಿನಿಂದ ಒಟ್ಟುಗೂಡಿದ್ದ ಕಾಳುಗಳೆಲ್ಲ ಸೇರಿ ಒಂದು ದೊಡ್ಡ ತೇಗು ಮಾತ್ರ ಬಂತು. ಬಾಗಿಲು ಮುಚ್ಚಿತು. ಒಳಗಿನಿಂದ ಚಿಲಕ ಬಿದ್ದ ಸಪ್ಪಳವೂ ಆಯಿತು.

ಮೊದಲು ಸ್ಪಷ್ಟವಾಗಿ ಮಂತ್ರ ಕೇಳಿಸಿತು. ಆಮೇಲೆ ವಚನ. ಆಮೇಲೆ ಮೌನ. ಆ ಮೌನ ಎಷ್ಟು ಉದ್ದವಾಯಿತೆಂದರೆ ಗುರುಲಿಂಗಪ್ಪನವರಿಗೆ ಮಗಳ ಹಸಿರು ಬಳೆ, ಮಂಟಪ, ಸಿಂದಗಿಯ ಆ ಹೆಣ್ಣು ಎಲ್ಲವೂ ಕಣ್ಣಮುಂದೆ ಬಂದುಹೋದವು. ಸುವರ್ಣಾ ಬಾಗಿಲ ಸಂದಿಯಿಂದ ತಂದೆಯ ಮುಖ ನೋಡಿ, ಏನಾಯಿತೆಂದು ಕೈಸನ್ನೆಯಲ್ಲೇ ಕೇಳಿದಳು. ಇವರ ಪೂಜೆ ಒಂದೊಂದು ದಿನ ಬಹಳ ಹೊತ್ತು ಹಿಡಿಯುತ್ತದೆ ಎಂದು ಬೀಗಿತಿ ಅಭಿಮಾನದಿಂದ ಹೇಳಿದರು.

ಬಾಗಿಲು ತೆರೆಯಿತು. ರೇವಪ್ಪನವರ ಮುಖದಲ್ಲಿ ಏನೂ ಓದಲಾಗಲಿಲ್ಲ. ಬಂದು ಕುಳಿತು, ಹೆಗಲ ಮೇಲಿನ ವಸ್ತ್ರದಿಂದ ಬಾಯೊರೆಸಿಕೊಂಡು, ಗಂಟಲು ಸರಿಮಾಡಿಕೊಂಡರು.

"ಮನಿ ಅಂದ್ರ ಹಿಂಗಿರಬೇಕು. ನಮಗ ಸಂಬಂಧ ಒಪ್ಪಿಗಿ ಐತ್ರಿ."

ಕಸ್ತೂರೆವ್ವ ಎಲ್ಲರ ಬಾಯಿಗೂ ಸಕ್ಕರೆ ಹಾಕಿದಳು. ಗುರುಲಿಂಗಪ್ಪನವರಿಗೆ ದೇವರೇ ಡಬ್ಬಿಯನ್ನು ಮರೆಮಾಡಿದನೆನಿಸಿ ಕಣ್ಣಲ್ಲಿ ನೀರು ಬಂತು. ಊಟಕ್ಕೆ ಕುಳಿತಾಗ ರೇವಪ್ಪನವರು, ಬೆಳಗಿನಿಂದ ಹೊಟ್ಟೆ ಭಾರವಾಗಿದೆಯೆಂದು ಅರ್ಧ ರೊಟ್ಟಿಗೇ ಕೈತೊಳೆದರು.

ಸಂಜೆ ಕಾರು ಹತ್ತುವ ಮುನ್ನ ಅವರು ಗುರುಲಿಂಗಪ್ಪನವರನ್ನು ಬೇವಿನ ಮರದ ಕಡೆಗೆ ಕರೆದೊಯ್ದು, ಕಿವಿಯ ಹತ್ತಿರ ಬಾಯಿ ತಂದರು.

"ಬಾಳ ಉಪಕಾರ ಆತ್ರಿ ಬೀಗರ. ನಿಮಗ ಹೇಳ್ಯಾನಲ್ಲ ಡಾಕ್ಟರ, ನನಗೂ ಹಂಗ ಹೇಳ್ಯಾನ, ಎರಡ ವರ್ಷಾತು. ನಮ್ಮ ಮನ್ಯಾಗ ನಮ್ಮಾಕಿ ಮುಂದ ಅದರ ಹೆಸರ ಎತ್ತಾಕ ಬರೂದಿಲ್ಲ. ಸಿಂದಗ್ಯಾಗ ಆ ವಾಸನಿಗೆ ಬಾಯಾಗ ನೀರ ಬಂದು ಕುಂದ್ರಾಕ ಆಗಲಿಲ್ರಿ, ಅದಕ್ಕ ಎದ್ದ ಬಂದೆ. ಇಲ್ಲಿ ಬಾಗಲಾ ಹಾಕಿದ್ರ ಹಿಂದಿನ ಗೂಡಿನ್ಯಾಗ ಡಬ್ಬಿ, ಅದ ವಾಸನಿ. ಮೊದಲ ಪೂಜಿ ಮುಗಿಸಿದೆ, ಲಿಂಗಾನ ಬೆಳ್ಳಿ ಕರಡಿಗ್ಯಾಗ ಇಟ್ಟ ಮುಚ್ಚಿದೆ, ದೇವರಿಗೆ ಬೆನ್ನ ಮಾಡಿ ಕುಂತೆ. ನಾಕ ನಾ ತಿಂದೇನಿ, ಒಂದ ನಿಮಗ ಬಿಟ್ಟೇನಿ."

ಗುರುಲಿಂಗಪ್ಪನವರು ಅವು ಮಕ್ಕಳ ಪಾಲಿನವೆಂದು ಹೇಳಲು ತುಟಿ ಅಲುಗಿಸಿದರು. ರೇವಪ್ಪನವರು ಅವರ ಕೈ ಹಿಡಿದುಕೊಂಡರು.

"ಈ ಮಾತು ನಮ್ಮಿಬ್ಬರೊಳಗ ಇರಲಿ. ಹೊರಗ ಬಿದ್ರ ನಮ್ಮಾಕಿ ಸಂಬಂಧಾನ ಮುರದಾಳು. ಇನ್ನ ಅಮಾಸಿಗೊಮ್ಮೆ ಬರ್ತೇನಿ. ಮುಂದಿನ ಸಲ ಚೂರ ಉಪ್ಪ ಇಡ್ರಿ."

ಕಾರು ಹೊರಟಿತು. ಕಸ್ತೂರೆವ್ವ ದೀಪ ಹಚ್ಚಲು ದೇವರ ಕೋಣೆಯ ಕಡೆ ಹೊರಟಿದ್ದನ್ನು ಕಂಡು ಗುರುಲಿಂಗಪ್ಪನವರು ಅವಳಿಗಿಂತ ಮುಂಚೆ ಓಡಿ, ಡಬ್ಬಿಯನ್ನು ಶಾಲಿನಡಿ ಸೇರಿಸಿಕೊಂಡು ಬೀದಿಗೆ ಬಂದರು. ಸಿಪ್ಪೆ ಎಲ್ಲಾದರೂ ಹುಗಿದು, ಮುರ್ತುಜಾಸಾಬನ ಅಂಗಡಿಯಲ್ಲಿ ನಾಲ್ಕು ಮೊಟ್ಟೆ ಕೊಂಡು, ಬೇಯಿಸಲು ಪೀರಬಿಗೆ ಕೊಟ್ಟು, ವಸ್ತಿಗೆ ಮುಟ್ಟಿಸಬೇಕು. ಇಷ್ಟು ಯೋಚಿಸುವಷ್ಟರಲ್ಲಿ ಶೆಟ್ಟೆವ್ವ ತನ್ನ ಬಾಗಿಲಿನಿಂದಲೇ ಡಬ್ಬಿಯ ಗುರುತು ಹಿಡಿದಳು. ಬಂದವಳೇ ಶಾಲಿನಡಿಯಿಂದ ಅದನ್ನು ಎಳೆದುಕೊಂಡು, ಮತ್ತೆ ಕಾಳು ತುಂಬಲೆಂದು ಮುಚ್ಚಳ ತೆಗೆದಳು.

ಒಳಗೆ ನಾಲ್ಕರ ಸಿಪ್ಪೆ. ನಡುವೆ ಒಂದು ಇಡೀ ಮೊಟ್ಟೆ.

ಶೆಟ್ಟೆವ್ವ ತವರಿನ ಡಬ್ಬಿಯನ್ನು ಹಾಗೆಯೇ ನೆಲಕ್ಕಿಟ್ಟು, ಸೆರಗು ಮೂಗಿಗೆ ಹಿಡಿದು, ಕಸ್ತೂರೆವ್ವನನ್ನು ಹುಡುಕಿಕೊಂಡು ಒಳಗೆ ಹೋದಳು. ಎದುರಿನ ಕಟ್ಟೆಯಿಂದ ಇಳಿದು ಬಂದ ಅಪ್ಪಾಸಾಬ ಡಬ್ಬಿಯೊಳಗೆ ಬಗ್ಗಿ ನೋಡಿದ. ಅವನ ಮುಖದಲ್ಲಿ ತನ್ನ ಮಾತು ನಡೆದ ತೃಪ್ತಿ ಇತ್ತು.

"ಕೇಳಿದ್ರಲ್ಲ ನನ್ನ ಮಾತು, ಚಲೋ ಆತು. ಆದರ ಮೊದಲನೇ ದಿನಾನ ನಾಕ ಅಂದ್ರ ಸ್ವಲ್ಪ ಬಾಳ ಆತ್ರಿ ಸರ. ಉಪ್ಪರ ಹಚಗೊಂಡಿದ್ರಿಲ್ಲೋ?"

ಒಳಗೆ ಬಕೀಟು ಬಿದ್ದ ಸಪ್ಪಳ ಕೇಳಿಸಿತು. ನಿಜ ಹೇಳಿದರೆ ಮಗಳ ಮದುವೆ ಹೋಗುತ್ತದೆ. ಗುರುಲಿಂಗಪ್ಪನವರು ಬಾಗಿ, ಡಬ್ಬಿಯ ಮುಚ್ಚಳವನ್ನು ಮೆಲ್ಲಗೆ ಮುಚ್ಚಿದರು.

"ಇಲ್ಲೋ ಅಪ್ಪಾಸಾಬ," ಅಂದರು. "ಮುಂದಿನ ಅಮಾಸಿಗೆ ಇಡ್ತೇನಿ."